ನೋಡದೆ ಹಾಕಿದ ಸಹಿ

ರೇಡಿಯೋದಲ್ಲಿ ಆಡಿದ ಈ ಮಾತುಗಳನ್ನು ಈಗ ಪುಸ್ತಕದಲ್ಲಿ ಓದುತ್ತಿರುವ ನಿಮ್ಮಲ್ಲಿ ಮೊದಲಿಗೆ ಒಂದು ಅರಿಕೆ. ನಾನು ಇಂಜಿನಿಯರನಲ್ಲ, ಅಗ್ನಿಶಾಮಕ ದಳದವನೂ ಅಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬೆಂಕಿಯ ವಿಷಯ ಮಾತಾಡಲು ನನಗಿರುವ ಅರ್ಹತೆ ಒಂದೇ, ಅದು ಹೇಳಿಕೊಳ್ಳುವಂಥದ್ದಲ್ಲ.

ವಯನಾಡಿನ ಒಂದು ಪೇಟೆಯಲ್ಲಿ ನಮ್ಮ ಶಾಖೆ ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿತ್ತು. ಹತ್ತಲಿಕ್ಕೂ ಇಳಿಯಲಿಕ್ಕೂ ಒಂದೇ ಇಕ್ಕಟ್ಟಾದ ಮೆಟ್ಟಿಲು. ಹಿಂದುಗಡೆ ಇನ್ನೊಂದು ಬಾಗಿಲಿತ್ತು, ಆದರೆ ಹಳೆಯ ಲೆಡ್ಜರುಗಳ ಕಪಾಟು ಅದಕ್ಕೆ ಅಡ್ಡ ನಿಂತಿತ್ತು. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಅದರ ಕೊರಳಿಗೊಂದು ಚೀಟಿ. ಮೂರು ತಿಂಗಳಿಗೊಮ್ಮೆ ಸಿಲಿಂಡರನ್ನು ನೋಡಿ ಚೀಟಿಗೆ ಸಹಿ ಹಾಕುವ ಕೆಲಸ ನನ್ನದು. ಸಹಿ ಹಾಕುತ್ತಿದ್ದೆ. ನೋಡುತ್ತಿರಲಿಲ್ಲ.

1994ರ ಜುಲೈ. ಜಡಿಮಳೆ. ಸಂಜೆ ಲೆಕ್ಕ ತಾಳೆ ನೋಡುತ್ತಿದ್ದಾಗ ಮೀಟರ್ ಬೋರ್ಡಿನಿಂದ ಹೊಗೆ ಎದ್ದಿತು. ನಾನು ಓಡಿಹೋಗಿ ಸಿಲಿಂಡರಿನ ಪಿನ್ನು ಎಳೆದು ಹಿಡಿಕೆ ಒತ್ತಿದೆ. ಉಸ್ಸೆಂದಿತು, ಅಷ್ಟೇ. ಒಳಗಿನ ಪುಡಿ ಗಟ್ಟಿಕಟ್ಟಿತ್ತು. ಜವಾನ ಕೊಡಪಾನದಲ್ಲಿ ನೀರು ತಂದ. "ಬೇಡ ಮಾರಾಯ, ಕರೆಂಟು!" ಎಂದು ಕೂಗಿದ ಕ್ಯಾಶಿಯರು ಮೆಯಿನ್ ಸ್ವಿಚ್ಚು ಇಳಿಸಿ, ಬಕೆಟ್ಟಿನ ಮರಳು ಎರಚಿದರು. ನಷ್ಟವೇನೂ ದೊಡ್ಡದಲ್ಲ, ಎರಡು ರಿಜಿಸ್ಟರು. ಆದರೆ ಆ ನಾಲ್ಕೈದು ನಿಮಿಷದ ಹೊಗೆಯಲ್ಲಿ, ವರ್ಷಗಟ್ಟಲೆ ಹತ್ತಿಳಿದ ಮೆಟ್ಟಿಲು ಎಲ್ಲಿದೆ ಎಂಬುದೇ ನನಗೆ ತಿಳಿಯಲಿಲ್ಲ. ಗೋಡೆ ಸವರುತ್ತ ನಿಂತಿದ್ದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತ ಸುದ್ದಿ ಓದಿದಾಗ ಆ ಗೋಡೆಯೇ ಕಣ್ಣಮುಂದೆ ಬಂತು. ಅಲ್ಲೂ ಹೊಗೆಯೇ. ವಿದ್ಯುತ್ ತಂತಿಗಳು ಹಾದುಹೋಗುವ ಕೊಳವೆಯಂಥ ಜಾಗದಿಂದ ಮಹಡಿ ಮಹಡಿಗೂ ಏರಿತು. ಹೊರದಾರಿಗಳಿಗೆ ಬೀಗವಿತ್ತೆಂದು ಪತ್ರಿಕೆಗಳು ಬರೆದವು. ಉಸಿರುಗಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಬೆಂಕಿ ಸುಡುವ ಮೊದಲು ಹೊಗೆ ಕೊಲ್ಲುತ್ತದೆ.

ಇದಕ್ಕೆಲ್ಲ ನಿಯಮ ಇಲ್ಲವೇ? ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲೇ ಬಂತು. 1983, 2005, 2016ರಲ್ಲಿ ಪರಿಷ್ಕಾರವೂ ಆಯಿತು. ಅದರ 4ನೇ ಭಾಗ ಪೂರ್ತಿ ಬೆಂಕಿಯ ವಿಷಯವೇ. ಹೊರದಾರಿಯ ಬಾಗಿಲು ಕನಿಷ್ಠ 1 ಮೀಟರ್ ಅಗಲವಿರಬೇಕು, ಹೊರಕ್ಕೆ ತೆರೆದುಕೊಳ್ಳಬೇಕು, ಒಳಗಿದ್ದವರು ಬೀಗದಕೈ ಇಲ್ಲದೆ ತೆರೆಯುವಂತಿರಬೇಕು. ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಚಪ್ಪಲಿ ಕಳ್ಳರಿಗೆ ಹೆದರಿ ಹಿಂಬಾಗಿಲಿಗೆ ಬೀಗ ಜಡಿಯುತ್ತೇವಲ್ಲ!

ಇನ್ನು ನಮ್ಮ ಜಿಲ್ಲೆಯ ದಾರಿ ನಿಮಗೆ ಗೊತ್ತೇ ಇದೆ. ಮಾನಂತವಾಡಿಯಲ್ಲಿ ಅಗ್ನಿಶಾಮಕ ಠಾಣೆ ಇದೆ, ಸರಿ. ತಿರುನೆಲ್ಲಿಗೆ ಅಲ್ಲಿಂದ ಸುಮಾರು 30 ಕಿಲೋಮೀಟರ್, ಕಾಡುದಾರಿ. 101ಕ್ಕೆ ಫೋನು ಮಾಡಿದ ಗಳಿಗೆಯಲ್ಲೇ ಅವರು ಹೊರಟರೂ ಮೊದಲ ಹತ್ತಿಪ್ಪತ್ತು ನಿಮಿಷ ನಮ್ಮ ಪಾಡು ನಮ್ಮದೇ. ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿದೆಯೇ ನೋಡಿ. ಬಳಸುವಾಗ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿದು ಅತ್ತಿತ್ತ ಆಡಿಸಿ. ಹೊಗೆ ತುಂಬಿದರೆ ಬಗ್ಗಿ, ನೆಲದ ಹತ್ತಿರ ತೆವಳಿ. ಲಿಫ್ಟು ಹತ್ತಬೇಡಿ.

ಇಷ್ಟೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಮೊಮ್ಮಗಳು ಟ್ಯೂಷನ್ನಿಗೆ ಹೋಗುವ ಜಾಗವೂ ಒಂದು ಅಂಗಡಿಯ ಮೇಲಿನ ಮಹಡಿಯೇ. 2019ರ ಮೇ 24ರಂದು ಸೂರತ್ತಿನಲ್ಲಿ ಇಂಥದ್ದೇ ಪಾಠದ ಮಹಡಿಯಲ್ಲಿ 22 ಮಕ್ಕಳು ಹೋದರು. ಇಳಿಯುವ ಮರದ ಮೆಟ್ಟಿಲೇ ಉರಿದುಹೋಗಿತ್ತು. ಹೋದ ತಿಂಗಳು ನಾನೇ ಹತ್ತಿ ನೋಡಿದೆ. ಮೆಟ್ಟಿಲ ಕೆಳಗೆ ಹೋಟೆಲಿನವರ ಮೂರು ಗ್ಯಾಸ್ ಸಿಲಿಂಡರು. ಮಾಲೀಕರಿಗೆ ಹೇಳಿದೆ. "ತೆಗೆಸೋಣ ಸಾರ್" ಎಂದರು. ಎರಡನ್ನು ತೆಗೆಸಿದ್ದಾರೆ. ಒಂದು ಮೊನ್ನೆಯವರೆಗೂ ಅಲ್ಲೇ ಇತ್ತು. ನಾಳೆ ಮತ್ತೆ ಹೋಗುತ್ತೇನೆ.