ಕನ್ನಡ ಕರಾವಳಿಯ ಕಡಲತೀರಗಳು: ಸೊಬಗು ಮತ್ತು ಸಂರಕ್ಷಣೆ

ದೆಹಲಿಗೆ ಸಮುದ್ರವಿಲ್ಲ. ಆದರೆ ಭಾರತದ ಕಡಲತೀರಗಳ ಅಳಿವು ಉಳಿವಿಗೆ ಸಂಬಂಧಿಸಿದ ಮುಖ್ಯ ನಿರ್ಧಾರಗಳು ರೂಪುಗೊಂಡದ್ದು ಈ ನಗರದಲ್ಲಿಯೇ. 1981ರ ನವೆಂಬರ್‌ನಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ನೀರು ತಲುಪುವ ಗೆರೆಯಿಂದ 500 ಮೀಟರ್‌ವರೆಗಿನ ತೀರವನ್ನು ಕಟ್ಟಡಗಳಿಂದ ಮುಕ್ತವಾಗಿ ಇರಿಸಬೇಕೆಂದು ಸೂಚಿಸಿದರು. ತರುವಾಯ, 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ, 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಬಿದ್ದಿತು. ತೀರದ ಬಯಲನ್ನು ಬಯಲಾಗಿಯೇ ಬಿಡಬೇಕೆಂಬ ಈ ಆಶಯದ ಹಿಂದಿನ ಕಾರಣವನ್ನು ಅರಿಯಲು ಕರ್ನಾಟಕದ ಕರಾವಳಿಯತ್ತ ದೃಷ್ಟಿ ಹರಿಸಿದರೆ ಸಾಕು.

ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ಕರಾವಳಿಯ ಒಂದು ಪಾರ್ಶ್ವದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಾರ್ಶ್ವದಲ್ಲಿ ಸಹ್ಯಾದ್ರಿ. ಕಾರವಾರದ ಕಡಲತೀರ ತರುಣ ರವೀಂದ್ರನಾಥ ಠಾಕೂರರನ್ನು ಸೆಳೆದಿತ್ತು. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದಾಗ ಅವರು ಒಂದು ನಾಟಕವನ್ನು ರಚಿಸಿದರು. ಇಂದು ಆ ತೀರಕ್ಕೆ ಅವರದೇ ಹೆಸರಿದೆ. ಗೋಕರ್ಣದ ಬಳಿ ಎರಡು ಅರ್ಧಚಂದ್ರಗಳು ಕೂಡಿ ಓಂಕಾರದ ಆಕಾರ ತಳೆದಂತಿರುವ ತೀರವಿದೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕಡಲಿನ ತೀರ ಸಮೀಪಕ್ಕೆ ಬಂದ ನದಿಯು ಅಲ್ಲಿ ಅದನ್ನು ಸೇರದೆ ತಿರುಗಿ, ಹಲವು ಕಿಲೋಮೀಟರ್ ಸಾಗಿದ ಮೇಲೆಯೇ ಸಂಗಮಿಸುತ್ತದೆ.

ಮಲ್ಪೆಯಿಂದ ದೋಣಿಯಲ್ಲಿ ತಲುಪಬಹುದಾದ ಸೈಂಟ್ ಮೇರೀಸ್ ದ್ವೀಪಗಳ ಶಿಲಾಸ್ತಂಭಗಳು ಸುಮಾರು 8 ಕೋಟಿ 80 ಲಕ್ಷ ವರ್ಷಗಳಷ್ಟು ಹಳೆಯವು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಲಾವಾರಸ ತಣಿದು ಕುಗ್ಗುವಾಗ ಹಲವು ಮುಖಗಳ ಕಂಬಗಳಾಗಿ ಸೀಳಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳದ ಜೀವಿಗಳು ನೆಲೆಸಿವೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ವನಗಳು, ಚಿಪ್ಪುಮೀನು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನಾಗರಗಳು ಒಂದೇ ನೀರಿನ ಆಸರೆಯಲ್ಲಿವೆ. 2024ರ ಜನವರಿಯಲ್ಲಿ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ನೋಡುವವರಿಗೆ ಸ್ಥಿರವಾಗಿ ಕಾಣುವ ಮರಳತೀರವು ವಾಸ್ತವದಲ್ಲಿ ಸದಾ ಚಲಿಸುವ ನೆಲ. ಮಳೆಗಾಲದ ಭಾರಿ ಅಲೆಗಳು ದಡದ ಮರಳನ್ನು ಕಿತ್ತು ಒಳಗೆ ಒಯ್ದು, ನೀರಿನಡಿಯಲ್ಲಿ ದಿಬ್ಬಗಳಾಗಿ ಪೇರಿಸುತ್ತವೆ. ಆ ದಿಬ್ಬಗಳಿಗೆ ತಾಗಿ ಮುಂದಿನ ಅಲೆಗಳ ಬಿರುಸು ತಗ್ಗುತ್ತದೆ. ಮಳೆಗಾಲ ಕಳೆದ ಮೇಲೆ ಮೆಲುವಾದ ಅಲೆಗಳು ಅದೇ ಮರಳನ್ನು ಮರಳಿ ದಡಕ್ಕೆ ತರುತ್ತವೆ. ಈ ಕೊಡು-ಕೊಳ್ಳುವಿಕೆ ಸಾಗಬೇಕಾದರೆ ಎರಡು ಅನುಕೂಲಗಳು ಬೇಕು. ಮೊದಲನೆಯದು, ನದಿಗಳು ಘಟ್ಟದಿಂದ ಹೊತ್ತು ತರುವ ಹೊಸ ಮರಳು. ಎರಡನೆಯದು, ಅಲೆಗಳು ಮುಂದೆ ಬಂದು ಹಿಂದೆ ಸರಿಯಲು ತೆರೆದ ಜಾಗ. ಅಣೆಕಟ್ಟುಗಳೂ ನದೀಪಾತ್ರದ ಮರಳುಗಾರಿಕೆಯೂ ಮೊದಲನೆಯದನ್ನು ಕುಂದಿಸುತ್ತವೆ. ದಿಬ್ಬಗಳನ್ನು ಸಮತಟ್ಟು ಮಾಡಿ ಎಬ್ಬಿಸಿದ ಕಟ್ಟಡಗಳು ಎರಡನೆಯದನ್ನು ಕಸಿದುಕೊಳ್ಳುತ್ತವೆ.

ಕಡಲ್ಕೊರೆತದಿಂದ ಮನೆ, ತೆಂಗಿನ ತೋಟಗಳನ್ನು ಕಳೆದುಕೊಂಡ ಉಳ್ಳಾಲದಂತಹ ಊರುಗಳಿಗೆ ಇದರ ಪರಿಣಾಮ ಗೊತ್ತು. ಅಂತಹ ಕಡೆ ಕಲ್ಲಿನ ತಡೆಗೋಡೆ ಅನಿವಾರ್ಯವಾಗಬಹುದು. ಆದರೆ ಗೋಡೆಯು ತನ್ನ ಹಿಂದಿನ ನೆಲವನ್ನು ರಕ್ಷಿಸಿದರೂ, ಅದಕ್ಕೆ ಬಡಿದ ಅಲೆ ಮುಂದಿನ ಮರಳನ್ನು ತೋಡುತ್ತದೆ. ಎಷ್ಟೋ ವೇಳೆ ಕೊರೆತವು ನೆರೆಯ ಊರಿನತ್ತ ಸರಿಯುತ್ತದೆ. ಆದುದರಿಂದ ಇನ್ನೂ ಕೆಡದ ತೀರಗಳಲ್ಲಿ ಮರಳ ದಿಬ್ಬಗಳನ್ನೂ, ಅವುಗಳನ್ನು ಬಿಗಿಹಿಡಿಯುವ ಬಳ್ಳಿಗಳನ್ನೂ ಉಳಿಸಿಕೊಳ್ಳುವುದೇ ಕಡಿಮೆ ವೆಚ್ಚದ ರಕ್ಷಣೆ.

ಕಡಲತೀರವು ಮೀನುಗಾರರ ದುಡಿಮೆಯ ನೆಲವೂ ಹೌದು. ಊರಿನ ಜನರೆಲ್ಲ ಸೇರಿ ದಡದಿಂದಲೇ ಎಳೆಯುತ್ತಿದ್ದ ರಂಪಣಿ ಬಲೆಯ ಮೀನುಗಾರಿಕೆ 1970ರ ದಶಕದಲ್ಲಿ ಯಂತ್ರದೋಣಿಗಳೂ ಹೊಸ ಬಗೆಯ ಬಲೆಗಳೂ ಬಂದ ಮೇಲೆ ಕುಗ್ಗಿತು. ಆದರೂ ದೋಣಿ ಎಳೆದಿಡಲು, ಬಲೆ ಹರವಲು, ಮೀನು ಒಣಗಿಸಲು ಮರಳ ಬಯಲು ಬೇಕೇ ಬೇಕು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡುವುದೂ ಇದೇ ಮರಳಿನಲ್ಲಿ. ದಾಖಲೆಗಳಲ್ಲಿ ಖಾಲಿ ಎಂದು ತೋರುವ ಜಾಗಕ್ಕೆ ಇಷ್ಟು ಹಕ್ಕುದಾರರಿದ್ದಾರೆ.

ಕಾನೂನು ಕಾಲಕಾಲಕ್ಕೆ ಬದಲಾಗಿದೆ. 1991ರ ಅಧಿಸೂಚನೆಗೆ 1994ರಲ್ಲಿ ಮಾಡಲಾದ ಕೆಲವು ಸಡಿಲಿಕೆಗಳನ್ನು ಸರ್ವೋಚ್ಚ ನ್ಯಾಯಾಲಯ 1996ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. 2011ರಲ್ಲಿ, ಅನಂತರ 2019ರಲ್ಲಿ ಹೊಸ ಅಧಿಸೂಚನೆಗಳು ಬಂದವು. ಗ್ರಾಮೀಣ ತೀರದಲ್ಲಿ 200 ಮೀಟರ್‌ಗಳಷ್ಟಿದ್ದ ನಿರ್ಮಾಣ ನಿಷೇಧದ ಅಂತರವನ್ನು, ಚದರ ಕಿಲೋಮೀಟರ್‌ಗೆ 2,161ಕ್ಕಿಂತ ಹೆಚ್ಚು ಜನರಿರುವ ಪ್ರದೇಶಗಳಲ್ಲಿ 50 ಮೀಟರ್‌ಗೆ ಇಳಿಸಲು 2019ರ ಅಧಿಸೂಚನೆ ಅವಕಾಶ ನೀಡಿತು. ಜನದಟ್ಟಣೆಯ ಊರುಗಳಲ್ಲಿ ವಾಸದ ಮನೆಗಳ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ನೆಲ ಕಿರಿದಾದಷ್ಟೂ ಅಲೆಗಳಿಗೂ ಮನೆಗಳಿಗೂ ನಡುವಿನ ಅಂತರ ಕಿರಿದಾಗುತ್ತದೆಂಬುದನ್ನು ಮರೆಯುವಂತಿಲ್ಲ.

ಪ್ರವಾಸೋದ್ಯಮ ಮತ್ತು ಸಂರಕ್ಷಣೆ ಪರಸ್ಪರ ವೈರಿಗಳಾಗಬೇಕಿಲ್ಲ. 2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ತೀರಗಳಿಗೆ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಾಗ, ಅವುಗಳಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಸೇರಿದ್ದವು. ನೀರಿನ ಶುದ್ಧತೆ, ತ್ಯಾಜ್ಯದ ವಿಲೇವಾರಿ, ಸುರಕ್ಷತೆ ಮುಂತಾದ 33 ಮಾನದಂಡಗಳನ್ನು ಆಧರಿಸಿದ ಈ ಮನ್ನಣೆ ಶಾಶ್ವತವಲ್ಲ. ವರ್ಷವರ್ಷವೂ ಅದನ್ನು ಮತ್ತೆ ಗಳಿಸಬೇಕು.

ಸುರಕ್ಷತೆಯ ವಿಷಯದಲ್ಲಿ ಉದಾಸೀನಕ್ಕೆ ಎಡೆಯಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗಿಳಿಯುವುದು ಅಪಾಯವೆಂಬುದು ಬಹುಮಂದಿಗೆ ತಿಳಿದಿದೆ. ಉಳಿದ ತಿಂಗಳುಗಳಲ್ಲಿಯೂ ಅಪಾಯವುಂಟೆಂಬ ಅರಿವು ಒಳನಾಡಿನಿಂದ ಬರುವ ಅನೇಕರಿಗಿಲ್ಲ. ದಡಕ್ಕೆ ಬಂದ ನೀರು ಮರಳ ದಿಬ್ಬಗಳ ನಡುವಿನ ಕಿರುದಾರಿಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಅಲೆಗಳಿಲ್ಲದೆ ಶಾಂತವಾಗಿ ಕಾಣುವ ಅಂತಹ ಸ್ಥಳವೇ ಹೆಚ್ಚು ಅಪಾಯಕರ. ಅದರಲ್ಲಿ ಸಿಲುಕಿದವರು ದಡದತ್ತ ನೇರವಾಗಿ ಈಜಿ ಬಳಲದೆ, ದಡಕ್ಕೆ ಸಮಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಬಳಿಕ ದಡ ಸೇರಬೇಕು. ಈಜು ಬಾರದವರು ನೀರಿನ ಅಂಚಿನಲ್ಲಿಯೇ ಉಳಿಯಬೇಕು. ಎಲ್ಲರೂ ಸ್ಥಳೀಯ ಮೀನುಗಾರರ ಹಾಗೂ ಜೀವರಕ್ಷಕರ ಮಾತನ್ನು ಪಾಲಿಸಬೇಕು.

ತೀರದ ರಕ್ಷಣೆಗೆ ಅಧಿಸೂಚನೆಗಳು ಅಗತ್ಯ. ಅವನ್ನು ಜಾರಿಯಲ್ಲಿರಿಸುವುದು ಸ್ಥಳೀಯ ಪಂಚಾಯಿತಿ, ಜಿಲ್ಲಾಡಳಿತ ಹಾಗೂ ಜನತೆಯ ಎಚ್ಚರ. ಮರಳ ದಿಬ್ಬದ ಮೇಲೆ ವಾಹನ ಹತ್ತಿಸದಿರುವುದು, ದ್ವೀಪಕ್ಕೆ ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರುವುದು, ನಿಯಮ ಮೀರಿದ ಕಟ್ಟಡ ಮೇಲೇಳುವಾಗಲೇ ಪಂಚಾಯಿತಿಯ ಗಮನಕ್ಕೆ ತರುವುದು, ಇವು ಪ್ರತಿಯೊಬ್ಬ ನಾಗರಿಕನಿಗೂ ಸಾಧ್ಯವಾದ ಕೆಲಸಗಳು. ಇಷ್ಟು ನಡೆದರೆ, ಮಳೆಗಾಲದಲ್ಲಿ ಕಡಲು ಒಯ್ದ ಮರಳು ಮುಂದಿನ ಚಳಿಗಾಲದ ಹೊತ್ತಿಗೆ ಮರಳಿ ದಡ ಸೇರಲು ಜಾಗ ಉಳಿದಿರುತ್ತದೆ.