ಆಲದ ನೆರಳಿನ ಚರಿತ್ರೆ



ಬೆಳಗಾವಿ ಸೀಮೆಯ ನಂದಗಡದಲ್ಲಿ, ಆಲದ ಮರವೊಂದಕ್ಕೆ ಕಟ್ಟಿರುವ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಂಡವರಿಗೆ, ಇದು ದೇವರ ಸನ್ನಿಧಿಯೋ ವೀರನ ಸಮಾಧಿಯೋ ಎಂಬ ವಿಸ್ಮಯವುಂಟಾಗದಿರದು. ಕಿತ್ತೂರಿನ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದುದು ಈ ಊರಿನಲ್ಲಿಯೇ, ಅದು ಚರಿತ್ರೆ. ಅವನ ಸಮಾಧಿಯೆಡೆಯ ಮರಕ್ಕೆ, ಸಂತಾನವನ್ನು ಬೇಡುತ್ತ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟುವರು. ಇದು ಜನತೆಯ ಶ್ರದ್ಧೆ.

ಚರಿತ್ರೆಯು ಐತಿಹ್ಯವಾಗುವ ಬಗೆ ಇಂಥದು. ಸರಕಾರವು ಬಂಡಾಯಗಾರನೆಂದು ಬಗೆದವನನ್ನು ಲಾವಣಿಕಾರರು ಊರೂರಿನ ಕಟ್ಟೆಗಳ ಮೇಲೆ ಹಾಡಿದಂತೆಲ್ಲ, ಒಬ್ಬನು ಮರೆತುದನ್ನು ಮತ್ತೊಬ್ಬನು ತನ್ನ ಕಲ್ಪನೆಯಿಂದ ತುಂಬಿ, ಕೇಳುವವರ ಕಣ್ಣು ತೇವವಾದೆಡೆಯಲ್ಲಿ ಮಾತನ್ನು ಇನ್ನಷ್ಟು ಹಿಗ್ಗಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಬಂದ ಹಾಗೆ, ಆ ಮನುಷ್ಯನು ಮೆಲ್ಲಮೆಲ್ಲನೆ ಪುರಾಣಪುರುಷನಾದನು. ತಾರೀಖುಗಳು ಉದುರಿದುವು, ಅವನ ಧೈರ್ಯವೂ ಸ್ವಾಮಿನಿಷ್ಠೆಯೂ, ನಂಬಿದವರೇ ಹಿಡಿದುಕೊಟ್ಟರೆಂಬ ನೋವೂ ಉಳಿದುವು.

ಈ ಐತಿಹ್ಯವನ್ನು ಅಸತ್ಯವೆಂದು ಕಡೆಗಣಿಸುವುದು ಉಚಿತವಲ್ಲ. ನಡೆದುದೇನೆಂಬುದನ್ನು ನಾವು ದಾಖಲೆಗಳಲ್ಲಿ ಅರಸಬೇಕು. ನಡೆದುದು ಜನರ ಹೃದಯದಲ್ಲಿ ಏನಾಗಿ ನೆಲೆಸಿತೆಂಬುದನ್ನು ಅವರ ಹಾಡಿನಲ್ಲಿಯೇ ಕೇಳಬೇಕು. ಎರಡನ್ನೂ ಒಂದೆಂದು ಭ್ರಮಿಸದೆ, ಎರಡಕ್ಕೂ ಗೌರವ ಸಲ್ಲಿಸುವುದು ವಿವೇಕಿಗಳ ಲಕ್ಷಣ.

ಇಂದು ಮನೆಯ ಹಿರಿಯರು ಹಳೆಯ ಕಥೆಯೊಂದನ್ನು ಆರಂಭಿಸಿದರೆ, ತಿದ್ದುವ ಅವಸರವನ್ನು ಬದಿಗಿರಿಸಿ, ಕೊನೆಯವರೆಗೆ ಕಿವಿಗೊಡೋಣ. ಅವರು ಯಾವುದನ್ನು ಮರೆಯಲೊಲ್ಲರೆಂಬುದು ಅಲ್ಲಿ ನಮಗೆ ತಿಳಿದೀತು.