ಗಾಜಿನ ತೊಟ್ಟಿಯ ಮೀನು ಕೆರೆಗೆ ಬಿದ್ದಾಗ



ಮಹಾಭಾರತದ ವನಪರ್ವದಲ್ಲಿ ಮನುವಿನ ಮೀನಿನ ಕಥೆ ಬರುತ್ತದೆ. ದೊಡ್ಡ ಮೀನುಗಳು ನುಂಗಿಬಿಟ್ಟಾವೆಂಬ ಭಯದಿಂದ ಒಂದು ಮರಿಮೀನು ಮನುವಿನ ಮೊರೆಹೊಗುತ್ತದೆ. ಆತ ಅದನ್ನು ಮಡಕೆಯಲ್ಲಿಟ್ಟು ಸಾಕುತ್ತಾನೆ. ಮಡಕೆ ಸಾಲದಾದಾಗ ಕೊಳಕ್ಕೆ, ಕೊಳವೂ ಸಾಲದಾದಾಗ ಗಂಗೆಗೆ, ಕೊನೆಗೆ ಸಮುದ್ರಕ್ಕೆ ಬಿಡುತ್ತಾನೆ. ಪ್ರಳಯ ಬಂದಾಗ ಅದೇ ಮೀನು ಅವನ ಹಡಗನ್ನು ಎಳೆದು ಕಾಪಾಡುತ್ತದೆ. ಸಾಕಿದ ಮೀನು ಬೆಳೆದರೆ ದೊಡ್ಡ ನೀರಿಗೆ ಬಿಡುವುದು ಧರ್ಮವೆಂಬ ಭಾವನೆ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಈ ಕಥೆಯೇ ಸಾಕ್ಷಿ.

ಚೀನಾದಲ್ಲಿಯೂ ಅಷ್ಟೆ. ಬೌದ್ಧ ದೇಗುಲಗಳ ಕೊಳಗಳಿಗೆ ಜೀವದಾನವೆಂದು ಬಿಟ್ಟ ಹೊಂಬಣ್ಣದ ಮೀನುಗಳನ್ನು ಕಾಪಾಡಿಕೊಂಡು ಬಂದುದರಿಂದಲೇ ಇಂದಿನ ಗೋಲ್ಡ್ ಫಿಶ್ ತಳಿ ಬೆಳೆಯಿತು. ಅಲಂಕಾರದ ಮೀನಿನ ಹುಟ್ಟಿನಲ್ಲಿಯೇ ಪುಣ್ಯದ ಬಯಕೆ ಬೆರೆತಿದೆ ಎನ್ನಬಹುದು.

ಆದರೆ ಮನುವಿನ ಮೀನು ಈ ನಾಡಿನ ನೀರಿನದೇ. ಇಂದಿನ ಅಕ್ವೇರಿಯಂ ಮೀನುಗಳಲ್ಲಿ ಬಹುಪಾಲು ಹಾಗಲ್ಲ. ಸಕರ್ ಮೀನನ್ನೇ ನೋಡಿ. ದಕ್ಷಿಣ ಅಮೆರಿಕದ ನದಿಗಳ ಈ ಮೀನು ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವುದರಿಂದ ‘ಟ್ಯಾಂಕ್ ಕ್ಲೀನರ್’ ಎಂದೇ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಕೊಳ್ಳುವಾಗ ಎರಡು ಮೂರು ಇಂಚು; ಬೆಳೆದರೆ ಒಂದೂವರೆ ಅಡಿ. ತೊಟ್ಟಿಯನ್ನು ಶುಚಿಮಾಡಲು ತಂದ ಆಳು ತೊಟ್ಟಿಯನ್ನೇ ತುಂಬಿಕೊಳ್ಳುತ್ತದೆ! ಆಗ ಮನೆಯವರು ಅದನ್ನು ಕೊಲ್ಲಲು ಮನಸ್ಸಾಗದೆ ಸಂಜೆ ಹೊತ್ತು ಬಕೆಟ್ಟಿನಲ್ಲಿ ಒಯ್ದು ಕೆರೆಗೆ ಬಿಟ್ಟು, ‘ಪಾಪ, ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ನೆಮ್ಮದಿಯಿಂದ ಮನೆಗೆ ಮರಳುತ್ತಾರೆ.

ಅದು ಬದುಕಿಯೂ ಬದುಕುತ್ತದೆ. ಕೊಳೆತ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಮೇಲೆ ಬಂದು ಗಾಳಿಯನ್ನು ನುಂಗಿ ಜಠರದ ಮೂಲಕವೇ ಉಸಿರಾಡುತ್ತದೆ. ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಗಂಡು ಕಾವಲು ಕಾಯುತ್ತದೆ. ಬಿಲಗಳು ಹೆಚ್ಚಾದರೆ ದಂಡೆ ಕುಸಿಯುತ್ತದೆ. ಮೈಮೇಲೆ ಮೂಳೆಯ ಕವಚವಿರುವುದರಿಂದ ದೊಡ್ಡದಾದ ಮೇಲೆ ಇದನ್ನು ತಿನ್ನುವ ಪ್ರಾಣಿ ಇಲ್ಲಿ ವಿರಳ. ಕೇರಳ, ಆಂಧ್ರ, ತಮಿಳುನಾಡು, ಬಂಗಾಳದ ನೀರಿನಲ್ಲೆಲ್ಲ ಇದು ನೆಲೆಯೂರಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿಯೂ ಸಿಕ್ಕಿತು.

ಅದೃಷ್ಟದ ನಂಬಿಕೆಯದು ಇನ್ನೊಂದು ಬಗೆ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೆರಕೆ ಮಾಡಿ ಬೆಳೆಸಿದ ಫ್ಲವರ್‌ಹಾರ್ನ್ ಮೀನಿನ ಹಣೆಯ ಉಬ್ಬು ದೊಡ್ಡದಾದಷ್ಟೂ ಮನೆಗೆ ಸಂಪತ್ತಂತೆ. ಸಂಪತ್ತು ತಂದೀತೆಂದು ಸಾಕಿದ ಮೀನನ್ನು ಬೇಡವಾದಾಗ ಕೊಲ್ಲುವುದು ಹೇಗೆ? ಅದಕ್ಕೂ ಕೆರೆಯೇ ಗತಿ.

ಕೆಲವೊಮ್ಮೆ ಬಿಡುವವರೂ ಬೇಕಿಲ್ಲ. 2018ರ ಕೇರಳದ ಪ್ರವಾಹದಲ್ಲಿ ಸಾಕುಕೊಳಗಳು ಒಡೆದು ಅಮೆಜಾನಿನ ಅರಪೈಮ ಹೊಳೆಗಿಳಿಯಿತು. 2023ರಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲಿಯೂ ಶ್ರೀನಗರದ ದಾಲ್ ಸರೋವರದಲ್ಲಿಯೂ ಅಮೆರಿಕದ ಅಲಿಗೇಟರ್ ಗಾರ್ ಕಾಣಿಸಿಕೊಂಡಿತು. ಮೊಸಳೆಯ ಮೂತಿಯ ಈ ಮೀನು ಪತ್ರಿಕೆಗಳಲ್ಲಿ ಸೋಜಿಗದ ಸುದ್ದಿಯಾಯಿತು. ಸೋಜಿಗದಾಚೆಗೆ ಜನರ ಕುತೂಹಲ ಹೆಚ್ಚು ಹೋಗಲಿಲ್ಲ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಮೀನಿಗೆ ತಿನಿಸು ಹಾಕುವುದಿಲ್ಲವೆ, ಅದೂ ತಪ್ಪೇ ಎಂದು ಕೇಳುವವರುಂಟು. ಆ ದೇವರ ಮೀನುಗಳಲ್ಲಿ ಮುಖ್ಯವಾದುದು ಮಹಶೀರ್. ಅದನ್ನು ಯಾರೂ ತಂದು ಬಿಟ್ಟದ್ದಲ್ಲ. ಅದು ಆ ಹೊಳೆಗಳದೇ. ಅಲ್ಲಿ ಭಕ್ತಿ ಎಂದರೆ ಇದ್ದುದನ್ನು ಹಿಡಿಯದೆ ಇರುವುದು. ಬಕೆಟ್ಟಿನಲ್ಲಿ ಮೀನು ಒಯ್ಯುವವರ ಕರುಣೆಯಾದರೋ ಇಲ್ಲದುದನ್ನು ತಂದು ಸೇರಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬಹುದು, ಸಾಕುವ ಬೇರೊಬ್ಬರಿಗೆ ಕೊಡಬಹುದು. ಯಾವುದೂ ಆಗದಿದ್ದರೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಅದರ ಪ್ರಜ್ಞೆ ತಪ್ಪಿಸಿ ನೋವಿಲ್ಲದೆ ಕೊನೆಗಾಣಿಸುವ ಕ್ರಮವೂ ಇದೆ. ಇದನ್ನು ಕೇಳಿದೊಡನೆ ‘ಅಯ್ಯೋ, ಪಾಪ’ ಎಂದು ಅನೇಕರು ಕಿವಿ ಮುಚ್ಚಿಕೊಳ್ಳುತ್ತಾರೆ. ಆ ಕೆಲಸ ಹಾಗೆ ಇಲ್ಲವಾಗುವುದಿಲ್ಲ, ಬೆಸ್ತರ ಪಾಲಿಗೆ ಬರುತ್ತದೆ. ಮುಳ್ಳಿಗೆ ಸಿಕ್ಕಿ ಹರಿದ ಬಲೆಯಿಂದ ಸಕರ್ ಮೀನನ್ನು ಬಿಡಿಸಿ, ಕೊಳ್ಳುವವರಿಲ್ಲದ ಕಾರಣ ಅವರು ಅದನ್ನು ದಂಡೆಯ ಮೇಲೆ ಎಸೆಯುತ್ತಾರೆ. ಗಾಳಿಯನ್ನೂ ಉಸಿರಾಡಬಲ್ಲ ಆ ಮೀನು ಬಿಸಿಲಿನಲ್ಲಿ ಬಹಳ ಹೊತ್ತು ಬಾಯಿ ಬಿಡುತ್ತಾ ಬಿದ್ದಿರುತ್ತದೆ.